ಐದು ಗಂಟೆಯವರೆಗೆ

ಸರೋವರದ ಹಿಮದ ಹೊದಿಕೆ ಒಡೆದು ಮೂರು ವಾರವಾಗಿಲ್ಲ,
ಕಪ್ಪು ನೊಣಗಳ ಹಿಂದೆಯೇ ಅಭ್ಯರ್ಥಿಗಳೂ ಬಂದರು
ಉತ್ತರ ಮಿನೆಸೋಟಾದ ಈ ಕೌಂಟಿ ಕಚೇರಿಗೆ,
ನನ್ನ ಕೌಂಟರಿಗೆ.

ಇಪ್ಪತ್ತೆಂಟು ವರ್ಷ ಹಾಲ್ವರ್ ಸ್ಟೆಂಬರ್ಗ್ ಕೂತಿದ್ದ ಸೆನೆಟ್ ಸೀಟು.
ಮೊಣಕಾಲು ನೋವು, ಸಾಕು, ಎಂದರು ಜನವರಿಯಲ್ಲಿ.
ಆ ಕುರ್ಚಿಗೂ ಕಾಲಿವೆ, ಅದನ್ನು ಸರಿಸಲೂಬಹುದು
ಎಂಬುದೇ ಅಲ್ಲಿಯತನಕ ಇಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಫಾರಂ ಒಂದೇ ಹಾಳೆ. ಶುಲ್ಕ ನೂರು ಡಾಲರ್.
ಪೆನ್ನನ್ನು ಮಣಿಸರಪಳಿಗೆ ಕಟ್ಟಿದ್ದೇನೆ,
ಹಿಂದಿನ ಸಲ ಮೂರು ಮಾಯವಾದವು;
ಒಂದು ಸೆನೆಟರ ಜೇಬಿನಲ್ಲೇ ಹೋಯಿತೆಂದು ನನ್ನ ಗುಮಾನಿ.

ಎಲ್ಲರೂ ತಡವರಿಸುವುದು ಒಂದೇ ಗೆರೆಯಲ್ಲಿ:
ಮತಪತ್ರದಲ್ಲಿ ನಿಮ್ಮ ಹೆಸರು ಹೇಗೆ ಅಚ್ಚಾಗಬೇಕು?

ರೈನೊ ಕಂಗಾಸ್ ಮೊದಲ ದಿನವೇ, ಬಾಗಿಲು ತೆರೆಯುವ ಮೊದಲೇ.
ಮೂವತ್ತೊಂದು ವರ್ಷ ಗಣಿಯಲ್ಲಿ ಬಕೆಟ್ ಎತ್ತಿ ಇಳಿಸಿದವನು,
ನವೆಂಬರಿನಿಂದ ಎತ್ತಲು ಏನೂ ಇಲ್ಲದವನು.
ಎಷ್ಟು ಒತ್ತಿ ಬರೆದನೆಂದರೆ
ಕೆಳಗಿನ ನಾಲ್ಕು ಹಾಳೆಗಳಲ್ಲೂ ಅವನೇ ನಿಂತಿದ್ದ.

ಮಂಗಳವಾರ ವಕೀಲ ಪ್ರೆಸ್ಟನ್ ವೈಲ್, ಸ್ವಂತ ಪೆನ್ನು,
ಜೊತೆಗೊಬ್ಬ ಕ್ಯಾಮೆರಾದವನು.
ಗಣಿಯವರ ಬೂಟು ಹಾಕಿದ್ದ.
ಅಟ್ಟೆಯ ಅಡಿ ಬೆಲೆಚೀಟಿ ಇನ್ನೂ ಅಂಟಿತ್ತು,
ಹೇಳಲೇ ಬೇಡವೇ ಎಂದು ಯೋಚಿಸಿ ಹೇಳಲಿಲ್ಲ.
ನಿಷ್ಪಕ್ಷಪಾತಿಯಾಗಿರಬೇಕಲ್ಲ ನಾನು.

ಡಾರ್ಲೀನ್ ಪ್ರೆಬಿಚ್ ಶಾಲೆಯ ಬಸ್ಸನ್ನು
ಎಂಜಿನ್ ಆರಿಸದೆ ಹೊರಗೆ ನಿಲ್ಲಿಸಿ ಬಂದಳು.
'ಸೋತರೆ ನೂರು ಡಾಲರ್ ವಾಪಸ್ ಬರುತ್ತಾ?'
'ಗೆದ್ದರೂ ಬರಲ್ಲ' ಎಂದೆ.
ನಕ್ಕಳು, ಐದರ ನೋಟುಗಳನ್ನು ಎಣಿಸಿದಳು,
ಎರಡು ಸಲ.

ಲೋರೀನ್ ಗೆಶಿಕ್ ಹಾಳೆಯ ಹಿಂಬದಿಯನ್ನೂ ಓದಿದಳು,
ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾಗುವವರೆಗೆ.
ಅವಳ ಜನರಿಗೆ ಕಾಗದಗಳ ಹಿಂಬದಿ ಗೊತ್ತು.
ಈ ಕ್ಷೇತ್ರದಲ್ಲಿ ಎಷ್ಟು ವರ್ಷದಿಂದ ವಾಸ?
'ಎರಡೇ ಅಂಕಿಗೆ ಜಾಗ ಬಿಟ್ಟಿದ್ದೀರಿ' ಎಂದಳು ಮೆಲ್ಲಗೆ,
ನಲವತ್ತನಾಲ್ಕು ಎಂದು ತುಂಬಿದಳು.

ಪ್ರತಿಯೊಬ್ಬರ ಬಲಗೈಯನ್ನೂ ಎತ್ತಿಸಿ ಪ್ರಮಾಣ ಮಾಡಿಸಿದೆ.
ಅಂಗೈ ನೋಡಿ ಭವಿಷ್ಯ ಹೇಳುವವಳಲ್ಲ ನಾನು.
ಆದರೂ ಕಣ್ಣೆದುರು ಬಿಚ್ಚಿಟ್ಟಿದ್ದನ್ನು ನೋಡದೆ ಹೇಗೆ?
ಗ್ರೀಸು, ಬೆವರು, ಉಗುರಿನ ಬಣ್ಣ,
ಒಂದರಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಹಾಲು, ಮೊಟ್ಟೆ, ಬ್ಯಾಟರಿ.

ದಿನಸಿ ಅಂಗಡಿಯಲ್ಲಿ ಹಿಡಿದು ಕೇಳುತ್ತಾರೆ,
'ನಿನ್ನ ಓಟು ಯಾರಿಗೆ, ನೀನು ಎಲ್ಲರನ್ನೂ ನೋಡಿದವಳು.'
ಗಡಿಯಾರಕ್ಕೆ, ಎನ್ನುತ್ತೇನೆ.

ಕೊನೆಯ ದಿನ. ಐದು ಗಂಟೆ. ಕಿಟಕಿ ಎಳೆದೆ.
ಐದು ಗಂಟೆ ನಾಲ್ಕು ನಿಮಿಷಕ್ಕೆ ಗಾಜು ತಟ್ಟಿದವನು ಎಲ್ಡನ್,
ನನ್ನ ತಂಗಿಯ ಗಂಡ.
ಇಸ್ತ್ರಿ ಮಾಡಿದ ಅಂಗಿ, ಮದುವೆಯ ದಿನದ ಟೈ.
ಮರದ ದಿಮ್ಮಿಯ ಲಾರಿ ಹಿಂದೆ ಸಿಕ್ಕಿಕೊಂಡಿದ್ದನಂತೆ
ಐವತ್ತು ಮೈಲಿ, ಒಂದೇ ಲೇನು.
ನೂರರ ನೋಟು ಕೈಯಲ್ಲೇ ಮಡಚಿತ್ತು.

ಐದು ಎಂದರೆ ಐದು, ಎಲ್ಡನ್.

ಬೆಳಗ್ಗೆ ಹೊರಡುವಾಗ ತಂಗಿ ಏನೆಂದಿದ್ದಳೋ,
ಮನೆಯ ಮುಂದೆ ನೆಡಲು ಬೋರ್ಡು ಬರೆಸಿಯೂ ಆಗಿತ್ತೋ,
ನಾನು ಕೇಳಲಿಲ್ಲ.
ಅವನು ಬೆಂಚಿನ ಮೇಲೆ ಕೂತ.
ಟೈ ಸಡಿಲಿಸಿದ, ಸುತ್ತಿ ಜೇಬಿಗಿಟ್ಟ.
ಭುಜಗಳು ಇಳಿದವು, ಹೊರೆ ಇಳಿಸಿದವನ ಹಾಗೆ;
ಅಥವಾ ಸುಮ್ಮನೆ ಸೋತವನ ಹಾಗೆಯೋ,
ಎರಡಕ್ಕೂ ವ್ಯತ್ಯಾಸ ಗುರುತಿಸುವಷ್ಟು
ಹತ್ತಿರ ನಾನವನನ್ನು ಎಂದೂ ನೋಡಿದವಳಲ್ಲ.

'ಮೀನಿನ ಲೈಸೆನ್ಸು ಕೊಡುವವರು ಇದ್ದಾರಾ?'
ಪಕ್ಕದ ಕೌಂಟರು ಐದೂವರೆಗೆ ಮುಚ್ಚುತ್ತದೆ,
ಅಲ್ಲಿಯೂ ನಾನೇ.

ಹೆಸರು ಹೇಳು ಎಂದೆ, ಗೊತ್ತಿದ್ದೂ.
ಅವನು ಪೂರ್ತಿ ಹೇಳಿದ, ನಡುವಿನದನ್ನೂ ಸೇರಿಸಿ,
ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ.
ನಾನು ದೊಡ್ಡಕ್ಷರಗಳಲ್ಲಿ ಟೈಪು ಮಾಡಿದೆ.